ಮದ್ದಿಗೆ ಮಣಿಯದ ಕೋಶ

ಅಜ್ಜನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಇಂಜೆಕ್ಷನ್‌ನಿಂದ ಇಳಿದಿದ್ದ ಪಿಎಸ್‌ಎ ಮತ್ತೆ ಏರಿದಾಗ, "ಮದ್ದು ಯಾಕೆ ಸೋತಿತು?" ಎಂದು ನನ್ನನ್ನು ಕೇಳಿದರು. ನಾನು ನಮ್ಮ ಜೀವಶಾಸ್ತ್ರ ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡೆ.

ಈ ಕ್ಯಾನ್ಸರ್ ಬೆಳೆಯಲು ಟೆಸ್ಟೋಸ್ಟೆರಾನ್ ಬೇಕು. ಅದನ್ನು ತಡೆದರೆ ರೋಗ ತಗ್ಗುತ್ತದೆಂದು 1941ರಲ್ಲಿ ತೋರಿಸಿದ ಚಾರ್ಲ್ಸ್ ಹಗ್ಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಹಾರ್ಮೋನು ಕೀಲಿಕೈಯಾದರೆ, ಕೋಶದೊಳಗಿನ ಆಂಡ್ರೊಜನ್ ಗ್ರಾಹಕ ಬೀಗ. ಕೀಲಿಕೈ ಕಡಿಮೆಯಾದಾಗ ಕೆಲವು ಕೋಶಗಳು ಬೀಗಗಳನ್ನು ಹೆಚ್ಚಿಸಿಕೊಳ್ಳುತ್ತವೆ. ಆಗ ಅತ್ಯಲ್ಪ ಹಾರ್ಮೋನೂ ಸಾಕು. ಕೆಲವು ತಾವೇ ಹಾರ್ಮೋನು ತಯಾರಿಸುತ್ತವೆ. ಎಆರ್-ವಿ7 ಎಂಬ ಗ್ರಾಹಕಕ್ಕಂತೂ ಕೀಲಿಕೈಯೇ ಬೇಡ. ಹೀಗೆ ಉಳಿದ ಕೋಶಗಳು ಹೆಚ್ಚಾಗಿ ಮೂಳೆಗಳಿಗೆ ಹರಡುತ್ತವೆ.

"ಮದ್ದು ಸೋತಿಲ್ಲ ಅಜ್ಜ, ಅದಕ್ಕೆ ಮಣಿಯದ ಕೋಶಗಳು ಉಳಿದಿವೆ. ಹೊಸ ಮಾತ್ರೆ ಅಬಿರಾಟೆರೋನ್ ಹಾರ್ಮೋನಿನ ತಯಾರಿಕೆಯನ್ನೇ ತಡೆಯುತ್ತದೆ," ಎಂದೆ. ಈಗ ಖಾಲಿ ಹೊಟ್ಟೆಗೆ ಅದನ್ನು ಕೊಡುವುದು ನನ್ನ ಕೆಲಸ.