ಎಳೆಯ ಪ್ರಾಯವೂ ಗೆಳೆಯರ ಕಣ್ಣೂ

ಮನೆಯಲ್ಲಿ ತಿಳುವಳಿಕೆಯಿಂದ ನಡೆಯುವ ಮಗನು ಗೆಳೆಯರ ನಡುವೆ ಹುಚ್ಚುಧೈರ್ಯಕ್ಕೆ ಕೈಹಾಕುವದು ಯಾಕೆ? ಅಮೇರಿಕದ ಫಿಲದೆಲ್ಫಿಯ ಪಟ್ಟಣದಲ್ಲಿರುವ ಟೆಂಪಲ್ ವಿಶ್ವವಿದ್ಯಾಲಯದ ಪಂಡಿತರು ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. 14ರಿಂದ 18 ವರುಷದ ಎಳೆಯರಿಗೂ ದೊಡ್ಡವರಿಗೂ ಕಂಪ್ಯೂಟರಿನ ಪರದೆಯಲ್ಲಿ ಕಾರು ನಡಿಸುವ ಆಟವನ್ನು ಕೊಟ್ಟರು. ದಾರಿಯ ದೀಪವು ಹಳದಿಯಾದಾಗ ನಿಂತರೆ ಹೊತ್ತು ನಷ್ಟ. ನುಗ್ಗಿದರೆ ಹೊತ್ತಿನ ಉಳಿತಾಯ, ಇಲ್ಲವೆ ಡಿಕ್ಕಿ. ಒಂಟಿಯಾಗಿ ಆಡಿದಾಗ ಎಳೆಯರಿಗೂ ದೊಡ್ಡವರಿಗೂ ಹೆಚ್ಚು ಭೇದ ಕಾಣಲಿಲ್ಲ. ಗೆಳೆಯರು ಪಕ್ಕದ ಕೋಣೆಯಿಂದ ನೋಡುತ್ತಿದ್ದಾಗಲಾದರೋ ಎಳೆಯರು ಮಾತ್ರ ಹೆಚ್ಚಾಗಿ ನುಗ್ಗಿದರು. ಬಹುಮಾನದ ಆಶೆಗೆ ಸೇರಿದ ಮಿದುಳಿನ ಭಾಗವು ಆಗ ಅವರಲ್ಲಿ ಅಧಿಕವಾಗಿ ಚುರುಕಾದದ್ದೂ ಕಂಡುಬಂತು. ಮನಸ್ಸನ್ನು ಬಿಗಿಹಿಡಿಯುವ, ಹಣೆಯ ಹಿಂದಿರುವ ಭಾಗವು 20 ವರುಷ ಕಳೆದ ಮೇಲೂ ಬಲಿಯುತ್ತಲೇ ಇರುವದು.

ಆದದರಿಂದ “ಅಪಾಯ ನಿನಗೆ ತಿಳಿಯದೋ?” ಎಂದು ಗದರಿಸುವ ತಂದೆಯು ಗುರಿ ತಪ್ಪುತ್ತಾನೆ. ಮಗನಿಗೆ ತಿಳಿದದೆ; ಒಂಟಿಯಾಗಿದ್ದರೆ ಆ ತಿಳುವಳಿಕೆಯಂತೆ ನಡೆದಾನು. ಜಾತ್ರೆಯ ರಾತ್ರಿ ಮೂವರು ಗೆಳೆಯರು ಒಂದೇ ಬೈಕು ಹತ್ತಿ ಹೊರಡುವಾಗ, ಬುದ್ಧಿಮಾತಿಗಿಂತ ಅದರ ಬೀಗದ ಕೈಯನ್ನು ತೆಗೆದಿಡುವದೇ ಹೆಚ್ಚು ಪ್ರಯೋಜನವೆಂದು ನಮ್ಮ ಎಣಿಕೆ. ಮಗನು ಮುನಿಯುವನು, ಮುನಿಯಲಿ.