ಹಳೆ ಕಾರಿನಲ್ಲಿ ಪೆಟ್ರೋಲ್ ಸೋರಿಕೆ
ಪೆಟ್ರೋಲ್ ಸೋರುತ್ತಿರುವ ಹೋಸ್ ಬದಲಿಸುವವರೆಗೂ ದಯವಿಟ್ಟು ಕಾರು ಸ್ಟಾರ್ಟ್ ಮಾಡಬೇಡಿ. ಕಾರ್ಬುರೇಟರ್ ಇರುವ ನಿಮ್ಮ ಮಾರುತಿ 800ರಲ್ಲಿ ಇಂಧನ ಪಂಪಿನ ರಬ್ಬರ್ ಹೋಸ್ ಬಿಸಿ ಎಂಜಿನ್ ಪಕ್ಕದಲ್ಲೇ ಇದೆ. ಅಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಬೆಂಕಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಮೆಕ್ಯಾನಿಕ್ ಆ ಹೋಸಿಗೆ ಸುತ್ತಿಕೊಟ್ಟ ಟೇಪು ನಿಲ್ಲುವುದಿಲ್ಲ, ಅದರ ಅಂಟನ್ನು ಪೆಟ್ರೋಲೇ ಕರಗಿಸುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಹಳೆಯ ರಬ್ಬರ್ ಅದನ್ನು ತಾಳುವುದಿಲ್ಲ. ಎಥನಾಲ್ ತಡೆಯುವ ಹೋಸನ್ನೇ ಕೇಳಿ ತನ್ನಿ, ಜೊತೆಗೆ ಹೊಸ ಕ್ಲಿಪ್ಪುಗಳನ್ನೂ. ಅಗ್ಗವೆಂದು ನೀರಿನ ಪೈಪು ಹಾಕಿಸಲೇಬೇಡಿ. ಎಂಜಿನ್ ತಣಿದ ಮೇಲೆ, ಗಾಳಿಯಾಡುವ ಜಾಗದಲ್ಲಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ ಕೆಲಸ ಶುರುಮಾಡಿಸಿ. ಕಾರಿನಡಿಯ ಲೋಹದ ಪೆಟ್ರೋಲ್ ಪೈಪಿಗೆ ತುಕ್ಕು ಹಿಡಿದಿದ್ದರೆ ಅದನ್ನೂ ಬದಲಿಸಿ, ವೆಲ್ಡಿಂಗ್‌ಗೆ ಒಪ್ಪಬೇಡಿ. ಕೊನೆಗೆ ಎಂಜಿನ್ ಓಡಿಸಿ ಒಂದೊಂದು ಜೋಡಣೆಯನ್ನೂ ನೋಡಿ. ಎಲ್ಲವೂ ಒಣಗಿದ್ದರೆ ಮಾತ್ರ ಮನೆಯವರನ್ನು ಕಾರಿಗೆ ಹತ್ತಿಸಿ.