*ಮರುವಾಯಿ ತಿಂದರೆ ವೈರಸ್ ಬರುವುದಿಲ್ಲವೇ?*



ಸ್ಟೆಂಟ್ ಹಾಕಿಸಿಕೊಂಡ ಹಿರಿಯರೊಬ್ಬರು ಮೊನ್ನೆ ಕೇಳಿದರು: "ಡಾಕ್ಟ್ರೇ, ಚಿಪ್ಪುಮೀನಿನಲ್ಲಿ ವೈರಸ್ ಕೊಲ್ಲುವ ಔಷಧ ಇದೆಯಂತೆ. ವಾರಕ್ಕೆರಡು ಸಲ ಮರುವಾಯಿ ತಿಂತೀನಿ. ಈ ವರ್ಷ ಫ್ಲೂ ಲಸಿಕೆ ಬೇಡ ಅಲ್ವಾ?"

ಅವರು ಓದಿದ್ದರಲ್ಲಿ ಅರ್ಧ ನಿಜವಿದೆ.

*ನಿಜ ಯಾವುದು?*
ಒಂದು ಮಿ.ಲೀ. ಸಮುದ್ರದ ನೀರಿನಲ್ಲಿ ಸುಮಾರು 1 ಕೋಟಿ ವೈರಸ್‌ಗಳಿರುತ್ತವೆ. ಸಿಂಪಿ, ಮರುವಾಯಿಗಳು ಆ ನೀರನ್ನೇ ಸೋಸಿ ಬದುಕುತ್ತವೆ. ನಮ್ಮಂತೆ ಅವುಗಳಿಗೆ ಆ್ಯಂಟಿಬಾಡಿ ಇಲ್ಲ. ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆ. ಕೆಲವು ಪ್ರೋಟೀನ್‌ಗಳು ಅವುಗಳ ಮೇಲೆ ದಾಳಿ ಮಾಡುತ್ತವೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಅಬಲೋನ್ ಎಂಬ ಸಮುದ್ರದ ಬಸವನಹುಳುವಿನ ನೀಲಿ ರಕ್ತದ ಹೀಮೋಸಯನಿನ್ ಪ್ರೋಟೀನನ್ನು ಪರೀಕ್ಷಿಸಿದರು. ತುಟಿಯ ಮೇಲೆ ಗುಳ್ಳೆ ಬರಿಸುವ ಹರ್ಪಿಸ್ ವೈರಸ್ ಜೀವಕೋಶದೊಳಗೆ ಹೋಗದಂತೆ ಅದು ತಡೆಯಿತು.

*ಆದರೆ ಗಮನಿಸಿ:* ಇದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ನಡೆದದ್ದು. ನಾವು ತಿಂದ ಪ್ರೋಟೀನ್ ಬೇಳೆಯದ್ದಾಗಲಿ, ಚಿಪ್ಪಿನದ್ದಾಗಲಿ, ಹೊಟ್ಟೆಯಲ್ಲಿ ಜೀರ್ಣವಾಗಿ ಒಡೆದುಹೋಗುತ್ತದೆ. ಔಷಧವಾಗಿ ರಕ್ತಕ್ಕೆ ಸೇರುವುದಿಲ್ಲ.

*ಅಪಾಯ ಯಾವುದು?*
ಚಿಪ್ಪು ತನ್ನ ಶತ್ರುವಿನೊಡನೆ ಹೋರಾಡುತ್ತದೆ, ನಮ್ಮ ಶತ್ರುವಿನೊಡನೆ ಅಲ್ಲ. ಚರಂಡಿ ನೀರಿನಿಂದ ಬಂದ ಹೆಪಟೈಟಿಸ್ ಎ ವೈರಸ್ ಅದರೊಳಗೆ ಸಂಗ್ರಹವಾಗುತ್ತದೆ. 1988ರಲ್ಲಿ ಶಾಂಘೈನಲ್ಲಿ ಸರಿಯಾಗಿ ಬೇಯದ ಚಿಪ್ಪು ತಿಂದು ಸುಮಾರು 3 ಲಕ್ಷ ಜನರಿಗೆ ಕಾಮಾಲೆ ಬಂತು!

*ಹಾಗಾದರೆ ಏನು ಮಾಡಬೇಕು?*
✅ ಮಂಗಳೂರಿನ ಮರುವಾಯಿ ಪುಂಡಿಯೋ, ಮುಂಬೈನ ತಿಸ್ರ್ಯಾ ಮಸಾಲೆಯೋ, ಇಷ್ಟವಿದ್ದರೆ ಧಾರಾಳವಾಗಿ ತಿನ್ನಿ. ಬಾಯಿ ತೆರೆದ ಕೂಡಲೇ ಇಳಿಸಬೇಡಿ. ಮತ್ತೆ 3–5 ನಿಮಿಷ ಕುದಿಸಿ. ಬೆಂದರೂ ಬಾಯಿ ಬಿಡದ ಚಿಪ್ಪನ್ನು ಎಸೆಯಿರಿ.
✅ ಲಿವರ್ ಕಾಯಿಲೆ ಇರುವವರು ಹಸಿ ಸಿಂಪಿಯನ್ನು ಮುಟ್ಟಲೇಬೇಡಿ.
✅ ಚಿಪ್ಪು, ಸೀಗಡಿ ತಿಂದು ತುರಿಕೆ, ಮುಖ ಊತ, ಉಸಿರುಕಟ್ಟುವಿಕೆ ಆದವರು ಚಿಪ್ಪಿನ ಕ್ಯಾಪ್ಸೂಲ್‌ಗಳಿಂದಲೂ ದೂರವಿರಿ.
✅ ಹೃದ್ರೋಗಿಗಳು ಫ್ಲೂ ಲಸಿಕೆ ಬಿಡಬೇಡಿ. ಫ್ಲೂ ಖಚಿತವಾದ ಮೊದಲ ವಾರದಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು 6 ಪಟ್ಟು ಹೆಚ್ಚುತ್ತದೆ ಎಂದು 2018ರ ಕೆನಡಾದ ಅಧ್ಯಯನ ತೋರಿಸಿದೆ.

ಆ ಹಿರಿಯರು ಅಂದೇ ಲಸಿಕೆ ಹಾಕಿಸಿಕೊಂಡು, "ಮರುವಾಯಿ ಬಿಡೋದಿಲ್ಲ ಡಾಕ್ಟ್ರೇ" ಎಂದು ನಕ್ಕು ಹೋದರು. ಬಿಡಬೇಕಾಗಿಯೂ ಇಲ್ಲ. ಅದು ಊಟ, ಔಷಧವಲ್ಲ, ಅಷ್ಟೇ.

ನಿಮ್ಮ ಮನೆಯಲ್ಲಿ ಹೃದ್ರೋಗಿಗಳಿದ್ದರೆ ಇದನ್ನು ಅವರಿಗೆ ಓದಿ ಹೇಳಿ. 🙏